ಪಾಸ್‌ವರ್ಡ್ ಮಗನ ಬಳಿ

ಈ ಪರೀಕ್ಷೆ ನಿಮ್ಮ ಬ್ರೌಸರ್‌ನಲ್ಲಿ ನಡೆಯುವುದಿಲ್ಲ ಎಂದು ಪರದೆ ಹೇಳುತ್ತಿತ್ತು. ಯಾವ ಬ್ರೌಸರ್ ಬೇಕೆಂದು ಕೆಳಗೆ ಹೆಸರಿತ್ತು. ಅತ್ತೆ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಅದು ಅದನ್ನೇ ಹೇಳಿತು.

ಮುದ್ರಣಾಲಯ ಮುಚ್ಚಿದ ಮೇಲೆ ಅವರಿಗೆ ಕೆಲಸವಿರಲಿಲ್ಲ. ಕರಡು ತಿದ್ದುವವರು ಯಾರಿಗೂ ಬೇಡವಾಗಿದ್ದರು. ಈಗ ಒಂದು ಕಂಪನಿ ಧ್ವನಿಮುದ್ರಣ ಕೇಳಿ ಬರಹಕ್ಕಿಳಿಸುವವರನ್ನು ಹುಡುಕುತ್ತಿತ್ತು. ಮನೆಯಲ್ಲೇ ಕೂತು ಮಾಡುವ ಕೆಲಸ. ಅದಕ್ಕಿದ್ದ ಆನ್‌ಲೈನ್ ಪರೀಕ್ಷೆ ಅಂದೇ ಸಂಜೆ ಆರಕ್ಕೆ ಮುಗಿಯುತ್ತಿತ್ತು.

ಮಗನಿಗೆ ಫೋನ್ ಮಾಡಿದರು.

"ಏನೂ ಮುಟ್ಬೇಡ ಅಮ್ಮ. ಬಂದು ನಾನೇ ಹಾಕ್ಕೊಡ್ತೀನಿ."

"ನೀನು ಬರೋದು ರಾತ್ರಿ ಎಂಟಕ್ಕೆ."

"ಹಾಗಾದ್ರೆ ಮುಂದಿನ ಸಲ ತಗೋ. ಪರೀಕ್ಷೆ ಎಲ್ಲಿಗೂ ಓಡಿಹೋಗಲ್ಲ."

ಅವನ ಹೆದರಿಕೆಗೆ ಕಾರಣವಿತ್ತು. ಹಿಂದೊಮ್ಮೆ ಅತ್ತೆ ಕಣ್ಣಿಗೆ ಮೊದಲು ಬಿದ್ದ ದೊಡ್ಡ ಹಸಿರು ಬಟನ್ ಒತ್ತಿ ಏನನ್ನೋ ಇಳಿಸಿಕೊಂಡಿದ್ದರು. ಇಮೇಲ್ ಕಳ್ಳರ ಪಾಲಾಯಿತು. 'ಆಸ್ಪತ್ರೆಯಲ್ಲಿದ್ದೇನೆ, ತುರ್ತು' ಎಂದು ನೆಂಟರಿಗೆಲ್ಲ ಅವರ ಹೆಸರಿನಲ್ಲಿ ಸಂದೇಶ ಹೋಯಿತು. ಅವರ ತಮ್ಮ ಕಿತ್ತಳೆ ಹಣ್ಣು ಹಿಡಿದು ವಾರ್ಡು ವಾರ್ಡು ಹುಡುಕಿ, ಸುಸ್ತಾಗಿ ಮನೆಗೆ ಬಂದರೆ ಅಕ್ಕ ಬಟ್ಟೆ ಒಣಹಾಕುತ್ತಿದ್ದರು. ಆಮೇಲೆ ನೆಂಟರ ಬಾಯಲ್ಲಿ ಅವರು ಬಟನ್ ಅಕ್ಕನಾದರು. ಮಗ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಹಾಕಿದ. ಲ್ಯಾಪ್‌ಟಾಪ್ ಪಾಸ್‌ವರ್ಡ್ ಇಲ್ಲದೆಯೇ ತೆರೆದುಕೊಳ್ಳುತ್ತಿತ್ತು, ಆದರೆ ಹೊಸದೇನನ್ನು ಸೇರಿಸಬೇಕಾದರೂ ಪಾಸ್‌ವರ್ಡ್ ಕೇಳುತ್ತಿತ್ತು. ಅದು ಅವನಿಗೂ ಹೆಂಡತಿಗೂ ಮಾತ್ರ ಗೊತ್ತು. ಅಮ್ಮನಿಗೆ ಹೇಳುವುದಿಲ್ಲವೆಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ.

ಸೊಸೆಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮಧ್ಯಾಹ್ನದ ಪಾಳಿಗೆ ಹೊರಟವಳು ತಲೆ ಬಾಚಿಕೊಳ್ಳುತ್ತಿದ್ದಳು.

"ಪಾಸ್‌ವರ್ಡ್ ಹೇಳು ಕಣೇ."

"ನನ್ನನ್ನ ಯಾಕೆ ಸಿಕ್ಕಿಸ್ತೀರ ಅತ್ತೆ? ಅವರು ನನ್ನ ಪ್ರಾಣ ತೆಗೀತಾರೆ."

"ನಾನು ದಿನಾ ತೆಗೀತೀನಿ ಅಂತ ನಿಮ್ಮಮ್ಮನ ಹತ್ರ ಹೇಳ್ತೀಯಲ್ಲ, ಒಂದು ಸಲ ಅವನೂ ತೆಗೀಲಿ."

ಸೊಸೆಗೆ ನಗು ತಡೆಯಲಾಗಲಿಲ್ಲ. ಬಾಚಣಿಗೆ ಹಿಡಿದೇ ಪಕ್ಕದಲ್ಲಿ ಕೂತಳು. "ಎಲ್ಲಿಂದ ತಂದು ಹಾಕ್ತೀರ ತೋರಿಸಿ. ಆಮೇಲೆ ನೋಡೋಣ."

ಅತ್ತೆ ಬ್ರೌಸರ್‌ನ ಹೆಸರು ಹಾಕಿ ಹುಡುಕಿದರು. ಎಲ್ಲಕ್ಕಿಂತ ಮೇಲೆ ಸಣ್ಣಕ್ಷರದಲ್ಲಿ 'ಜಾಹೀರಾತು' ಎಂದಿತ್ತು. ಒಳಗೆ ಹೋದರೆ ದೊಡ್ಡ ಹಸಿರು ಬಟನ್. ಬಿಸಿ ಪಾತ್ರೆ ಮುಟ್ಟಿದವರಂತೆ ಮೌಸ್‌ನಿಂದ ಕೈ ಕಿತ್ತುಕೊಂಡರು.

"ಇದೇ ಹಾಳಾದ್ದು."

ಬಸ್ಸಿಗೆ ಹೊತ್ತಾಗುತ್ತಿತ್ತು. ಸೊಸೆ ಮೌಸ್ ಎಳೆದುಕೊಂಡು ಪ್ರಶ್ನೋತ್ತರದ ಒಂದು ಫೋರಂ ತೆರೆದಳು. ಯಾರೋ ಉದ್ದನೆಯ ಆದೇಶದ ಸಾಲೊಂದನ್ನು ಬರೆದಿದ್ದರು. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಅದನ್ನು ಅಂಟಿಸಿದರೆ ಮುಗಿಯಿತಂತೆ. ಕೆಳಗೆ ಸಾಲುಸಾಲು ಧನ್ಯವಾದಗಳಿದ್ದವು.

"ಇದು ಸುಲಭ ಅತ್ತೆ. ಕಾಪಿ ಮಾಡಿ ಹಾಕಿಬಿಡ್ತೀನಿ."

ಅತ್ತೆ ಅವಳ ಮುಂಗೈ ಹಿಡಿದರು. "ತಾಳು. ನಡುವೆ ಒಂದು ವಿಳಾಸ ಇದೆ. ಯಾರದು?"

"ಯಾರದ್ದೋ."

"ಬರೆದವನು?"

"ಯಾರೋ."

"ಯಾರೋ ಹೇಳಿದ ಅಂತ ಯಾರದ್ದೋ ಮನೆಯಿಂದ ತಂದು, ನಮ್ಮನೆ ಬೀಗದಕೈ ಕೊಟ್ಟು ಒಳಗೆ ಬಿಡೋದಾ? ಹೆಸರು ಅಂಟಿಸದ ರಕ್ತದ ಟ್ಯೂಬ್ ಬಂದ್ರೆ ನೀನೇನು ಮಾಡ್ತೀಯ?"

"ಎಸೀತೀವಿ."

"ಮತ್ತೆ?"

ಸೊಸೆ ಮೌಸ್ ಬಿಟ್ಟಳು. ಬಟನ್ ಅಕ್ಕನ ಕತೆಗೆ ಅವಳೂ ಎಲ್ಲರೊಂದಿಗೆ ನಕ್ಕವಳೇ. ಈಗ ಒಂದು ಬಸ್ಸಿನ ಆತುರಕ್ಕೆ ಅದನ್ನೇ ಮಾಡಹೊರಟಿದ್ದಳು.

ಆ ಬ್ರೌಸರ್ ಲ್ಯಾಬಿನಲ್ಲೂ ಇತ್ತು. ಅದರ ತಯಾರಕರ ಜಾಲತಾಣದ ವಿಳಾಸ ಅವಳಿಗೆ ಗೊತ್ತಿತ್ತು. ಅವಳು ಹೇಳಿದಳು, ಅತ್ತೆ ಟೈಪ್ ಮಾಡಿದರು. ಅತ್ತೆಯ ಲ್ಯಾಪ್‌ಟಾಪಿನಲ್ಲಿದ್ದ ಬಗೆಯ ಲಿನಕ್ಸ್ ಅನ್ನು ಹೆಸರಿಸಿ, ಅದರ ತಂತ್ರಾಂಶ ಭಂಡಾರದಲ್ಲೇ ಈ ಬ್ರೌಸರ್ ಇದೆಯೆಂದು ಆ ತಾಣ ಹೇಳುತ್ತಿತ್ತು. ಅಲ್ಲಿದ್ದ ಆದೇಶ ಗಿಡ್ಡದು. ವಿಳಾಸವೇ ಇಲ್ಲ, ಬ್ರೌಸರ್‌ನ ಹೆಸರು ಮಾತ್ರ.

"ಇದನ್ನ ಎಲ್ಲಿಂದ ತರುತ್ತೆ?"

"ಸಿಸ್ಟಮ್ ಮಾಡಿದವರ ಭಂಡಾರದಿಂದಲೇ. ತಂದಿದ್ದರ ಮೇಲೆ ಅವರ ಸಹಿ ಸರಿಯಿದ್ರೆ ಮಾತ್ರ ಒಳಗೆ ಬಿಡುತ್ತೆ. ಅಪ್‌ಡೇಟೂ ಅಲ್ಲಿಂದಲೇ."

"ಹಾಗಿದ್ರೆ ಸರಿ."

ಅತ್ತೆ ಕಪ್ಪು ಕಿಟಕಿಯಲ್ಲಿ ಆ ಆದೇಶ ಹೊಡೆದರು, ಅದು ಪಾಸ್‌ವರ್ಡ್ ಕೇಳಿತು. ಸೊಸೆ ಹೇಳಿಬಿಟ್ಟಳು. "ಅವರ ಹೆಸರು. ಪಕ್ಕದಲ್ಲೇ ಹುಟ್ಟಿದ ವರ್ಷ."

ಅತ್ತೆ ಬಾಯಿ ತೆರೆದು ಅವಳನ್ನೇ ನೋಡಿದರು. "ನಾನಿಟ್ಟ ಹೆಸರು, ನಾನು ಹೆತ್ತ ವರ್ಷ! ಇದನ್ನ ನನ್ನಿಂದ ಬಚ್ಚಿಟ್ಟಿದ್ದಾನಾ?"

ಹೊಡೆಯತೊಡಗಿದರು. ಕಪ್ಪು ಕಿಟಕಿಯಲ್ಲಿ ಒಂದಕ್ಷರವೂ ಮೂಡಲಿಲ್ಲ. ಬೆರಳುಗಳು ನಿಂತವು.

"ಏನೂ ಬೀಳ್ತಿಲ್ಲ ಕಣೇ. ಮತ್ತೆ ಏನೋ ಕೆಡಿಸಿದೆ ನಾನು."

"ಕೆಟ್ಟಿಲ್ಲ ಅತ್ತೆ. ಪಾಸ್‌ವರ್ಡ್ ಹೊಡೆಯುವಾಗ ಇಲ್ಲಿ ಚುಕ್ಕಿನೂ ತೋರಿಸಲ್ಲ. ಮುಗಿಸಿ ಎಂಟರ್ ಒತ್ತಿ."

ಒತ್ತಿದರು. ಸಾಲುಗಳು ಸರಸರನೆ ಓಡಿ ನಿಂತವು. ಹೊಸ ಬ್ರೌಸರ್ ತೆರೆದಾಗ ಪರೀಕ್ಷೆಯ ಪುಟ ತಕರಾರಿಲ್ಲದೆ ಬಂತು. ಸೊಸೆಯ ಬಸ್ಸು ಹೋಗಿಯಾಗಿತ್ತು. ಪಾಸ್‌ವರ್ಡ್ ಬದಲಾಯಿಸುವುದು ಹೇಗೆಂದು ತೋರಿಸಿ, "ನೆಂಟರಿಗೆಲ್ಲ ಗೊತ್ತಿರೋ ಹೆಸರದು, ಮೊದಲು ತೆಗೀರಿ" ಎಂದು ಆಟೊ ಹಿಡಿಯಲು ಓಡಿದಳು.

ಎಂಟಕ್ಕೆ ಮಗ ಬಂದ. ಅಮ್ಮನನ್ನು ಗದರಿಸಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಬೂಟು ಬಿಚ್ಚುವ ಮೊದಲೇ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್ ಚುಚ್ಚಿದ. "ಬ್ರೌಸರ್ ತಂದಿದ್ದೀನಮ್ಮ. ಮುಂದಿನ ಸಲಕ್ಕೆ ತೊಂದರೆ ಇರಲ್ಲ."

ಪಾಸ್‌ವರ್ಡ್ ಹೊಡೆದ. ತಪ್ಪು ಎಂದಿತು. ಮತ್ತೆ ಹೊಡೆದ. ಹೆಂಡತಿಗೆ ಫೋನ್ ಮಾಡಿದ.

"ನನಗೂ ಹೇಳಿಲ್ಲಪ್ಪ," ಎಂದಳು ಅವಳು. ಹಿಂದಿನಿಂದ ಯಾವುದೋ ಯಂತ್ರ ಗುಂಯ್‌ಗುಡುತ್ತಿತ್ತು. "ಅಲ್ಲೇ ಇದ್ದಾರಲ್ಲ, ಕೇಳಿ."

ಅತ್ತೆ ಇಯರ್‌ಫೋನಿನ ತಂತಿ ಸುತ್ತಿಡುತ್ತಿದ್ದರು. ಪರೀಕ್ಷೆ ಆರಕ್ಕೆ ಮೊದಲೇ ಮುಗಿದಿತ್ತು. ಪಾಸೋ ಫೇಲೋ ಇನ್ನೂ ತಿಳಿಯದು.

"ಅಮ್ಮ, ಪಾಸ್‌ವರ್ಡ್ ಏನು?"

"ಇದನ್ನ ಎಲ್ಲಿಂದ ತಂದೆ?"

"ಆಫೀಸಲ್ಲಿ ಒಬ್ಬ ಕೊಟ್ಟ."

"ಅವನಿಗೆ ಯಾರು ಕೊಟ್ಟರು?"

ಅತ್ತೆ ಪೆನ್‌ಡ್ರೈವ್ ಕಿತ್ತು ಮಗನ ಅಂಗಿಯ ಜೇಬಿಗೆ ಹಾಕಿದರು.

"ಕೈ ತೊಳ್ಕೊಂಡು ಬಾ, ಊಟ ಮಾಡು."