ಕಳಿಸುವವನು

"ಎಂ.ಎ. ಓದಿದ ಬಾಯಲ್ಲಿ ಒಂದು ಮಾತು ಹೊರಡಾಕಿಲ್ವೇನ್ಲಾ? ನಾಲಿಗೇನೂ ಕ್ಯಾರೆಟ್ ಜೊತೆ ಮೂಟೆ ಕಟ್ಬುಟ್ಯಾ?"

ಕ್ಯಾರೆಟ್ ಶೆಡ್ಡಿನ ಯಜಮಾನ ಸಭಾಪತಿ ಮೊದಲಾಳಿ ಜಗುಲಿಯ ಕುರ್ಚಿಯಿಂದಲೇ ಕೂಗುತ್ತಿದ್ದ. ತೊಳೆದ ಕ್ಯಾರೆಟ್ಟಿನ ಮೂಟೆಗಳನ್ನು ಹೇರಿಕೊಂಡ ಲಾರಿ ಗೇಟಿಗೆ ಮುಖ ಮಾಡಿ ನಿಂತಿತ್ತು. ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಕರ್ಪೂರ ಉರಿದು ಆರಿತ್ತು. ಡ್ರೈವರ್ ಲೆಚ್ಚುಮಣಣ್ಣ ಎಂಜಿನ್ ಚಾಲೂ ಮಾಡಿಕೊಂಡು, ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದ. ಮೂಟೆಗಳ ಮೇಲೆ ಹಗ್ಗ ಹಿಡಿದು ಕ್ಯಾರೆಟ್ ತೊಳೆಯುವ ಹೆಂಗಸರು ಕೂತಿದ್ದರು. ಅವರ ಸೀರೆಯ ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಘಾಟಿಯ ಅರ್ಧದಲ್ಲಿ, ಒಂದು ತಿರುವಿನ ಪಕ್ಕ ಅವರ ಕಾಲೋನಿ. ಅಲ್ಲಿ ಬಸ್ಸು ನಿಲ್ಲುವುದಿಲ್ಲ. ಇಳಿಯುವ ಲಾರಿಯೇ ಅವರಿಗೆ ಬಸ್ಸು.

ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಕ್ಯಾಬಿನ್ನಿನ ಬಾಗಿಲನ್ನು ಅಂಗೈಯಿಂದ ತಟ್ಟಿ 'ಹೋಗಿ ಬಾ' ಅನ್ನಬೇಕು. ಒಳಗಿನಿಂದ ಡ್ರೈವರ್ 'ಬತ್ತೀನಿ' ಅನ್ನುತ್ತಾನೆ. ಆಮೇಲೆ ಕ್ಲಚ್ಚು ಒತ್ತುತ್ತಾನೆ. ಆ ಮಾತು ಬೀಳದೆ ಈ ಬೆಟ್ಟದ ಯಾವ ಡ್ರೈವರನೂ ಮೇಟುಪಾಳ್ಯದ ಘಾಟಿ ಇಳಿದದ್ದನ್ನು ನಾನು ನೋಡಿಲ್ಲ. ಗಾಡಿ ಕಳಿಸುವವನು ಯಾರೋ ಅವನ ಬಾಯಿಂದಲೇ ಅದು ಬರಬೇಕು.

ನಮ್ಮ ಶೆಡ್ಡಿನಲ್ಲಿ ಕಳಿಸುವವನು ನಾನು, ಯೋಗನಾಥ. ಯಾವ ಲಾರಿ, ಯಾವ ಡ್ರೈವರ್, ಎಷ್ಟು ಮೂಟೆ, ಯಾವ ಹೊತ್ತು, ಎಲ್ಲಾ ಇನ್ಮೇಲೆ ಇವನ ತೀರ್ಮಾನ ಎಂದು ಕೆಲಸಕ್ಕೆ ಸೇರಿಸಿಕೊಂಡ ದಿನ ಮೊದಲಾಳಿ ಎಲ್ಲರೆದುರು ಹೇಳಿದ್ದ. ಸಿಲೋನಿನ ಚಹಾ ತೋಟಗಳಿಂದ ಹಡಗಿನಲ್ಲಿ ವಾಪಸ್ ಬಂದ ನಮ್ಮವರ ಮಕ್ಕಳಲ್ಲಿ ಒಬ್ಬನಾದರೂ ಮೇಜಿನ ಹಿಂದೆ ಕೂತನಲ್ಲ ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ತೀರ್ಮಾನಗಳು ಜಗುಲಿಯಲ್ಲಿ ಹುಟ್ಟಿ ನನ್ನ ಬಾಯಿಂದ ಹೊರಡುತ್ತವೆ ಎಂದು ತಿಳಿಯುವುದಕ್ಕೆ ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಗಾಡಿ ಹೊರಡುವಾಗ ಮೊದಲಾಳಿ ಜಗುಲಿ ಇಳಿಯುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಚಹಾದ ಲೋಟವನ್ನು ಬಾಯಿಗಿಟ್ಟುಕೊಳ್ಳುತ್ತಾನೆ.

ನನಗಿಂತ ಮುಂಚೆ ಈ ಮೇಜಿನ ಹಿಂದೆ ಇದ್ದವನು ಅರುಳಾನಂದ. ಅವನು 'ಹೋಗಿ ಬಾ' ಅಂದ ಒಂದು ಲಾರಿ ಘಾಟಿಯಲ್ಲಿ ಬಿದ್ದು, ಡ್ರೈವರ್ ಶಿವನು ಸ್ಟಿಯರಿಂಗಿಗೆ ಎದೆ ಕೊಟ್ಟು ಸತ್ತ. ಪೊಲೀಸರು ಬಂದು "ಗಾಡಿ ಕಳಿಸಿದ್ದು ಯಾರು?" ಎಂದು ಕೇಳಿದಾಗ ಮೊದಲಾಳಿ ಜಗುಲಿಯಿಂದಲೇ ಬೆರಳು ತೋರಿಸಿದ. ಎಲ್ಲರೂ ತಲೆಯಾಡಿಸಿದರು. ಸುಳ್ಳಂತೂ ಅಲ್ಲವಲ್ಲ. ಸತ್ತ ಡ್ರೈವರನ ಹೆಂಡತಿ ಪಾಕಿಯಕ್ಕ ಅರುಳಾನಂದನ ಮನೆ ಬಾಗಿಲಿಗೆ ಮಣ್ಣು ಎರಚಿ, "ನಿನ್ ಬಾಯಿಂದ್ಲೇ ಅಲ್ವೇನೋ ಬಂದಿದ್ದು, ಆ ಬಾಯಿಗೆ ಹುಳ ಬೀಳ" ಎಂದು ಶಾಪ ಹಾಕಿದ್ದಳು. ಅರುಳಾನಂದ ಈಗ ಕೋರ್ಟಿಗೆ ಅಲೆಯುತ್ತಾ, ಉಳಿದ ಹೊತ್ತಿನಲ್ಲಿ ಕೊತ್ತಗಿರಿ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಾನೆ.

ಪಾಕಿಯಕ್ಕ ಇವತ್ತೂ ಮೂಟೆಗಳ ಮೇಲೆ ಕೂತಿದ್ದಳು. ನಾನು ಆ ಮೇಜಿಗೆ ಬಂದ ಮೇಲೆ ಅವಳು ನನ್ನ ಜೊತೆ ಮಾತಾಡಿಲ್ಲ.

ಬೆಳಿಗ್ಗೆ ಇಸ್ಮಾಯಿಲ್ ಮೇಸ್ತ್ರಿ ಲಾರಿಯ ಕೆಳಗಿನಿಂದ ಎದ್ದು ಬಂದು, ಕೈ ಒರೆಸಿಕೊಳ್ಳುತ್ತಾ ನನ್ನ ಪಕ್ಕ ನಿಂತಿದ್ದ.

"ಹಿಂದಿನ ಎಡ ಚಕ್ರದ ಬ್ರೇಕ್ ಡ್ರಮ್ಮು ಬಿರುಕು ಬಿಟ್ಟೈತೆ ತಮ್ಮಾ. ಬ್ರೇಕ್ ಒತ್ತಿದ್ರೆ ಒಡೆದು ಹೋಯ್ತದೆ. ಜಗುಲಿಯಿಂದ ಅಪ್ಪಣೆ ಆಯ್ತು, ಆ ಚಕ್ರಕ್ಕೆ ಹೋಗೋ ಗಾಳಿ ಪೈಪಿಗೆ ಬೋಲ್ಟ್ ಜಡಿದು ಮುಚ್ಚಿವ್ನಿ. ಅದಕ್ಕೀಗ ಬ್ರೇಕೇ ಇಲ್ಲ. ಮಿಕ್ಕವು ಹಿಡೀಬೇಕು."

"ಹಿಡೀತಾವಾ ಭಾಯಿ?"

"ಬಯಲಲ್ಲಿ ಹಿಡೀತಾವೆ."

"ಘಾಟೀಲಿ?"

ಇಸ್ಮಾಯಿಲ್ ಮೇಸ್ತ್ರಿ ಕಿಸೆಯಿಂದ ವೀಳ್ಯದೆಲೆ ತೆಗೆದು ಬಾಯಿಗೆ ಹಾಕಿಕೊಂಡ. ಅವನು ಮಾತು ಮುಗಿಸುವುದೇ ಹಾಗೆ.

ಹೊಸ ಡ್ರಮ್ಮು ಕೊಯಮತ್ತೂರಿನಿಂದ ನಾಳೆ ಬರುತ್ತದೆ. ಓಣಂ ವಾರ. ಮೇಟುಪಾಳ್ಯದ ಮಂಡಿಯಲ್ಲಿ ಮಲಯಾಳಿ ವ್ಯಾಪಾರಿಗಳು ಕಾದು ಕೂತಿದ್ದಾರೆ. ನಾಳೆ ಇದೇ ಕ್ಯಾರೆಟ್ಟಿಗೆ ಈ ಬೆಲೆ ಇರುವುದಿಲ್ಲ.

ಬಾಗಿಲು ತಟ್ಟುವ ಬದಲು ನಾನು ಜಗುಲಿಯ ಮೆಟ್ಟಿಲ ಬುಡಕ್ಕೆ ಹೋಗಿ ನಿಂತೆ. ಮೆಟ್ಟಿಲು ಹತ್ತುವ ವಾಡಿಕೆ ನಮಗಿಲ್ಲ.

"ಮೊದಲಾಳಿ, ಆ ಎಡ ಚಕ್ರ..."

"ಯಾವ ಚಕ್ರ? ನಂಗ್ಯಾವ ಚಕ್ರಾನೂ ಗೊತ್ತಿಲ್ಲ ಕಣ್ಲಾ. ಕಳ್ಸೋನು ನೀನು. ತೀರ್ಮಾನ ನಿಂದು."

ನಾನು ಒಮ್ಮೆ ಲಾರಿಯ ಕಡೆ ತಿರುಗಿ ನೋಡಿದೆ.

"ಹಂಗಾರೆ ಇವತ್ತು ಗಾಡಿ ಹೋಗಕ್ಕಿಲ್ಲ" ಅಂದೆ.

ಮೊದಲಾಳಿ ನಕ್ಕ. ಲೋಟವನ್ನು ನಿಧಾನವಾಗಿ ಕೆಳಗಿಟ್ಟ.

"ಓಹೋ. ತೀರ್ಮಾನ ನಿಂದು ಅಂದ್ರೆ ನಿಜವಾಗ್ಲೂ ನಿಂದೇ ಅನ್ಕೊಂಬುಟ್ಯಾ? ಹಡಗಿಂದ ಇಳಿದಾಗ ನಿಮ್ಮಪ್ಪನ ಸೊಂಟದಲ್ಲಿ ಉಡದಾರ ಇರ್ಲಿಲ್ಲ. ಮಲಗಾಕೆ ಲೈನ್ ಮನೆ ಕೊಟ್ಟೋನು ನಾನು. ಸಿಲೋನ್ ನಾಯಿಗಳು, ಓದಿಸಿದ್ರೆ ಎರಡು ಕಾಲ ಮೇಲೆ ನಿಲ್ತಾವೆ. ಹೋಗು, ಬಾಗ್ಲು ತಟ್ಟು."

"ನೀವೇ ಬಂದು ತಟ್ಟಿ ಮೊದಲಾಳಿ. ನೀವು ಹೇಳಿದ್ರೆ ಗಾಡಿ ಹೋಗ್ತದೆ."

ಅವನ ಮುಖ ಬದಲಾಯಿತು. ಅವನು ಕೋಪಿಸಿಕೊಂಡದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಇದು ಅದಲ್ಲ. ಅವನ ಕಣ್ಣು ಒಮ್ಮೆ ಲಾರಿಯ ಮೇಲಿದ್ದ ಹೆಂಗಸರತ್ತ ಹೋಗಿ ಬಂತು. ಕೈ ಮತ್ತೆ ಲೋಟವನ್ನು ಹುಡುಕಿತು.

"ನನ್ ಬಾಯಿಂದ ಯಾಕ್ಲಾ ಹೇಳಿಸ್ತೀಯ, ಬೋಳಿಮಗನೇ? ನಿಂಗೆ ಕೂಳು ಹಾಕ್ತಿರೋದು ಯಾತಕ್ಕೆ?"

ಲೆಚ್ಚುಮಣಣ್ಣ ಎಂಜಿನ್ ಆರಿಸಿ ಕೆಳಗಿಳಿದು ಬಂದ. ನನ್ನ ತೋಳು ಹಿಡಿದು ನೀರಿನ ತೊಟ್ಟಿಯ ಹಿಂದಕ್ಕೆ ಎಳೆದುಕೊಂಡು ಹೋದ. ಅವನ ಹಿಡಿತದಲ್ಲಿ ಪ್ರೀತಿ ಇರಲಿಲ್ಲ.

"ಏನ್ ಮಾಡ್ತಿದ್ದೀಯ ನೀನು?"

"ಚಕ್ರ ಗೊತ್ತಲ್ವಾ ಅಣ್ಣಾ ನಿಂಗೆ?"

"ನಂಗೆ ಗೊತ್ತಿಲ್ದೆ ನಿಂಗೆ ಗೊತ್ತಾ? ಎರಡನೇ ಗೇರಲ್ಲಿ ಹಿಡ್ಕೊಂಡು ಇಳಿಸ್ತೀನಿ. ಇಂಥ ಗಾಡಿ ಎಷ್ಟು ಇಳಿಸಿಲ್ಲ. ನೀನು ಹೇಳು, ಸಾಕು."

"ಮೇಲೆ ಕೂತಿರೋ ಹೆಂಗಸ್ರು?"

ಅವನು ತಲೆಯೆತ್ತಲಿಲ್ಲ. ತೊಟ್ಟಿಯ ಕೆಸರು ನೀರಿನಲ್ಲಿ ಕ್ಯಾರೆಟ್ಟಿನ ಸಿಪ್ಪೆಗಳು ತೇಲುತ್ತಿದ್ದವು. ಅವನ್ನೇ ನೋಡುತ್ತಾ ಹೇಳಿದ:

"ನಿನ್ ಮನಸ್ಸು ತಣ್ಣಗಿರ್ಲಿ ಅಂತ ನನ್ ಮನೆ ಖಾಲಿ ಮಾಡಿಸ್ತೀಯಾ? ನೀನು ಎಂ.ಎ. ಮಾಡಿದೋನು, ಎಲ್ಲಿ ಹೋದ್ರೂ ಒಂದು ಕುರ್ಚಿ ಹಾಕ್ತಾರೆ. ನಂಗೆ ಆ ಸ್ಟಿಯರಿಂಗ್ ಬಿಟ್ರೆ ಯಾವನು ಏನು ಕೊಡ್ತಾನೆ? ನೀನು ಹೇಳ್ದೆ ಇದ್ರೆ ನಂಗೆ ಕ್ಲಚ್ ಮೇಲೆ ಕಾಲಿಡಾಕಾಗಲ್ಲ ಅಂತ ನಿಂಗೆ ಗೊತ್ತು. ಗೊತ್ತಿದ್ದೇ ಮಾಡ್ತಿದ್ದೀಯ."

ಅವನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ನಾನು ಹುಡುಕಿದೆ. ಸಿಕ್ಕದ್ದು ಒಂದೇ. ನಾವಿಬ್ಬರೂ ತೊಟ್ಟಿಯ ಹಿಂದೆ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ನಿಂತಿದ್ದೆವು. ಜಗುಲಿಯ ಮೇಲೆ ಮೊದಲಾಳಿ ಚಹಾ ಕುಡಿಯುತ್ತಿದ್ದ.

"ಹೇಳು ತಮ್ಮಾ" ಅಂದ ಲೆಚ್ಚುಮಣಣ್ಣ, ಈ ಸಲ ಮೆತ್ತಗೆ.

ನಾನು ಹೇಳಲಿಲ್ಲ. ಅವನು ನನ್ನ ತೋಳು ಬಿಟ್ಟು, ನನ್ನ ಕಾಲ ಪಕ್ಕದಲ್ಲಿ ಉಗಿದ.

ನಾವು ತೊಟ್ಟಿಯ ಹಿಂದಿನಿಂದ ಬರುವಾಗ ಪಾಕಿಯಕ್ಕ ಮೇಲಿನಿಂದ ಕೂಗಿದಳು. "ಏನ್ ತಡ? ಮಕ್ಳು ಕಾಯ್ತಿರ್ತವೆ."

ಕೇಳಿದ್ದು ಲೆಚ್ಚುಮಣಣ್ಣನನ್ನು. ಅವನು ಮುಖ ತಿರುಗಿಸಿದ. ಆಗ ಅವಳು ನನ್ನನ್ನು ನೋಡಿದಳು. ನನ್ನ ಕಣ್ಣು ಹಿಂದಿನ ಎಡ ಚಕ್ರದ ಮೇಲೆ ನಿಂತುಬಿಟ್ಟಿತ್ತು. ಅವಳು ನನ್ನ ಕಣ್ಣು ಹೋದಲ್ಲಿಗೆ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಡ್ರೈವರನ ಹೆಂಡತಿಯಾಗಿ ಬಾಳಿದವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು ಸರಸರ ಇಳಿದಳು.

"ಇಳೀರ್ರೇ. ನಡೆದು ಹೋಗಾಣ."

"ಕಾಲು ಬಿದ್ದೋಗೈತೆ ಕಣಕ್ಕಾ, ಬೆಳಗಿಂದ ನೀರಲ್ಲಿ ನಿಂತು" ಎಂದು ಒಬ್ಬಳು ಗೊಣಗಿದಳು.

"ಕಾಲಾದ್ರೂ ಇರ್ಲಿ ಇಳಿಯೇ."

ಒಬ್ಬೊಬ್ಬರಾಗಿ ಇಳಿದರು. ಆದರೆ ಯಾರೂ ಹೊರಡಲಿಲ್ಲ. ಗೇಟಿನ ಪಕ್ಕ ಗೋಡೆಗೆ ಒರಗಿ ನಿಂತರು.

ಮೊದಲಾಳಿ ಜಗುಲಿಯ ಅಂಚಿಗೆ ಬಂದ. "ಏನ್ರೇ, ಸತ್ಯಾಗ್ರಹನಾ? ಇಸ್ಮಾಯಿಲ್, ನೀನ್ ಹೇಳಯ್ಯ, ಬಾಗ್ಲು ತಟ್ಟಿ ಕಳ್ಸು."

ಇಸ್ಮಾಯಿಲ್ ಮೇಸ್ತ್ರಿ ತನ್ನ ಬಾಯಿ ತೋರಿಸಿದ. ವೀಳ್ಯದ ರಸ ತುಂಬಿಕೊಂಡಿತ್ತು. ಗೇಟಿನ ಮುದುಕ ತನ್ನನ್ನು ಕೇಳುವ ಮೊದಲೇ, "ನಂದು ಗೇಟ್ ತೆಗೆಯೋದು ಸಾಮಿ. ತೆಗೆದೇ ಐತೆ" ಅಂದ. ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಎಲ್ರೂ ಕೇಳಿಸ್ಕೊಳ್ಳಿ" ಅಂದ ಮೊದಲಾಳಿ. ದನಿ ಏರಿಸಲಿಲ್ಲ. "ಕೊತ್ತಗಿರಿ ಸ್ಟ್ಯಾಂಡಿಂದ ಡ್ರೈವರ್ ಕರೆಸ್ತಿದ್ದೀನಿ. ಅವನ ಮುಂದೆ ಚಕ್ರ ಅಂತ ಯಾವ ಸೂಳೆಮಗ ಬಾಯಿ ಬಿಡ್ತಾನೋ, ಅವನ ಪಾತ್ರೆ ಪಗಡೆ ಇವತ್ತೇ ರಸ್ತೇಲಿ. ಲೆಚ್ಚುಮಣ, ನಿನ್ ಮನೆಯಂತೂ ನಾಳೆ ಬೆಳಿಗ್ಗೆ ಖಾಲಿ. ಈ ಎಂ.ಎ.ಗೆ ಥ್ಯಾಂಕ್ಸ್ ಹೇಳು."

ಲೆಚ್ಚುಮಣಣ್ಣ ಲಾರಿಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ. ನಾನು ಅವನ ಹತ್ತಿರ ಹೋಗಲಿಲ್ಲ.

ಮೊದಲಾಳಿಯ ಜೀಪಿನಲ್ಲಿ ಬಂದವನ ಹೆಸರು ತಂಗವೇಲು. ಲವಲವಿಕೆಯ ಆಸಾಮಿ. ಇಳಿಯುತ್ತಲೇ ಲಾರಿಯ ಕನ್ನಡಿಯಲ್ಲಿ ತಲೆ ಬಾಚಿಕೊಂಡ. ಟವಲನ್ನು ಸೀಟಿನ ಮೇಲೆ ಹಾಸಿ, ಸ್ಟಿಯರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಎಂಜಿನ್ ಚಾಲೂ ಮಾಡಿದ. ಬ್ರೇಕನ್ನು ಒಂದು ಸಲ ಒತ್ತಿದ. ಲಾರಿ ಉಸ್ ಎಂದಿತು. ನಿಂತಿರುವ ಗಾಡಿಯಲ್ಲಿ ಎಲ್ಲ ಬ್ರೇಕೂ ಒಳ್ಳೆಯದೇ.

"ಹೆಂಗಸ್ರೂ ಬತ್ತಾರೆ ಅಂದ್ರಲ್ಲ, ಹತ್ತಿಸಿ" ಅಂದ. ಯಾರೂ ಅಲುಗಲಿಲ್ಲ. "ಬ್ಯಾಡ್ವಾ? ಸರಿ. ಯಾರಪ್ಪಾ ಇಲ್ಲಿ ಕಳ್ಸೋರು?"

"ಅಗೋ, ಅವನೇ" ಎಂದು ಜಗುಲಿಯ ಬೆರಳು ನನ್ನ ಕಡೆ ಬಂತು.

ತಂಗವೇಲು ಕ್ಯಾಬಿನ್ನಿನಿಂದ ನನ್ನನ್ನು ನೋಡಿದ. ಬಾಗಿಲಿನ ತಗಡು ನನ್ನ ಕೈಗೆ ಎಟಕುವಷ್ಟೇ ದೂರದಲ್ಲಿತ್ತು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಏನ್ ಸಾರ್, ಬಾಯಿ ಇಲ್ವಾ?" ಅವನು ನಗುತ್ತಾ ಇಸ್ಮಾಯಿಲ್ ಮೇಸ್ತ್ರಿಯ ಕಡೆ ತಿರುಗಿದ. "ಭಾಯಿ, ನೀವಾದ್ರೂ?" ಮೇಸ್ತ್ರಿ ಆಕಾಶ ನೋಡಿದ. "ತಾತಾ?" ಮುದುಕ ಗೇಟಿನ ಸರಪಣಿಯನ್ನು ಎಣಿಸುವವನಂತೆ ಕೈಯಲ್ಲಿ ಸರಿಸುತ್ತಿದ್ದ. ತಂಗವೇಲು ಗೋಡೆಯ ಪಕ್ಕದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದ. ನಗು ಅವನ ಮುಖದಿಂದ ನಿಧಾನಕ್ಕೆ ಇಳಿಯಿತು. "ಏನ್ರಪ್ಪಾ ಇದು, ಸತ್ತ ಮನೆ ಥರ ನಿಂತಿದ್ದೀರಲ್ಲ. ಒಬ್ರಾದ್ರೂ ಹೋಗಿ ಬಾ ಅನ್ರೋ."



"ಸೋಮಾರಿ ನಾಯಿಗಳು, ಅವ್ರನ್ನೇನ್ ಕೇಳ್ತೀಯ" ಅಂದ ಮೊದಲಾಳಿ. ಆಮೇಲೆ ದನಿಯನ್ನು ಮೃದು ಮಾಡಿಕೊಂಡು, "ಲೆಚ್ಚುಮಣ. ನೀನೇ ಹೇಳ್ಬುಡು. ನಮ್ ಗಾಡಿ ಓಡಿಸಿದೋನ ಬಾಯಿ. ಹೇಳು, ಮನೆ ನಿಂದೇ."

ಲೆಚ್ಚುಮಣಣ್ಣ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. ಎದ್ದ. ಕ್ಯಾಬಿನ್ನಿನ ಬಾಗಿಲವರೆಗೆ ಬಂದ. ಅವನು ಹೇಳುತ್ತಾನೆ ಎಂದು ನನಗನಿಸಿತು. ಹೇಳಿದರೆ ಅವನ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ ಎಂದೂ ಅನಿಸಿತು. ಅವನ ಅಂಗೈ ಮೇಲೆದ್ದು ತಗಡಿನ ಹತ್ತಿರ ಹೋಯಿತು.

ಅಲ್ಲೇ ನಿಂತಿತು. ಅವನು ಬಗ್ಗಿ, ಮುಂದಿನ ಚಕ್ರದ ಕೆಳಗಿದ್ದ ನಿಂಬೆಹಣ್ಣನ್ನು ತೆಗೆದುಕೊಂಡ. ಅದಕ್ಕೆ ಹತ್ತಿದ ಮಣ್ಣನ್ನು ಅಂಗಿಗೆ ಒರೆಸಿದ. ಲಾರಿಯ ಉದ್ದಕ್ಕೂ ನಡೆದು ಹೋಗಿ, ಹಿಂದಿನ ಎಡ ಚಕ್ರದ ಮುಂದೆ ಇಟ್ಟ. ಹಿಂದಿರುಗಿ ಬಂದು ಮೊದಲಿದ್ದ ಜಾಗದಲ್ಲೇ ಕುಕ್ಕರಿಸಿದ. ನನ್ನ ಕಡೆ ನೋಡಲಿಲ್ಲ.

ತಂಗವೇಲು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಆ ನಿಂಬೆಹಣ್ಣನ್ನು ನೋಡುತ್ತಿದ್ದ.

"ಹೊರಡಯ್ಯ, ಹೊತ್ತಾಗ್ತದೆ" ಅಂದ ಮೊದಲಾಳಿ.

ತಂಗವೇಲು ಹೊರಡಲಿಲ್ಲ. ಎಂಜಿನ್ ಆರಿಸಿ ಇಳಿದ. ಹಿಂದಕ್ಕೆ ನಡೆದು, ನಿಂಬೆಹಣ್ಣಿನ ಪಕ್ಕ ಮಂಡಿಯೂರಿ, ಲಾರಿಯ ಕೆಳಗೆ ತೂರಿಕೊಂಡ. ಅವನ ಎರಡು ಪಾದಗಳು ಮಾತ್ರ ಹೊರಗಿದ್ದವು. ಪೈಪನ್ನು ಬೆರಳಿನಿಂದ ಸವರಿಕೊಂಡು ಹೋಗುವ ಸಣ್ಣ ಸದ್ದು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು.

"ಇದನ್ನ ಮುಚ್ಚಿಸಿದ್ದು ಯಾರು?"

ಇಸ್ಮಾಯಿಲ್ ಮೇಸ್ತ್ರಿ ವೀಳ್ಯವನ್ನು ಪಕ್ಕಕ್ಕೆ ಉಗಿದು ಬಾಯಿ ಒರೆಸಿಕೊಂಡ. ಪಾಕಿಯಕ್ಕ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಅವಳು ನನ್ನ ಕಡೆ ತಿರುಗುತ್ತಾಳೆ ಎಂದು ಕಾದೆ. ಅವಳು ತಲೆಯೆತ್ತಿ ಜಗುಲಿಯನ್ನು ನೋಡಿದಳು. ಅವಳ ಹಿಂದೆ ಉಳಿದ ಹೆಂಗಸರು ನೋಡಿದರು. ಗೇಟಿನ ಮುದುಕ ನೋಡಿದ. ಕೊನೆಗೆ ಲೆಚ್ಚುಮಣಣ್ಣನೂ.

ಮೊದಲಾಳಿಯ ಕೈಯಲ್ಲಿ ಲೋಟವಿತ್ತು. ಅದನ್ನು ಬಾಯಿಗಿಡಲೂ ಇಲ್ಲ, ಕೆಳಗಿಡಲೂ ಇಲ್ಲ.

ಲಾರಿಯ ಕೆಳಗಿನಿಂದ ಅದೇ ಪ್ರಶ್ನೆ ಮತ್ತೆ ಬಂತು.