ಮತ ಹಾಕುವ ಹೊತ್ತಿಗೆ ಕೆಟ್ಟ ಹೊಟ್ಟೆ

ನನ್ನ ತಮ್ಮ ಸಂಸತ್ತಿನ ಸದಸ್ಯ. ಅವನ ಹೆಸರಿಗೆ ಯಾರಾದರೂ 'ಮಾನ್ಯ' ಅಂಟಿಸಿದರೆ ಈಗ ನನಗೆ ವಾಕರಿಕೆ ಬರುತ್ತದೆ. ಗಂಡ ಹೋದ ಮೇಲೆ ನಾನಿರುವುದು ಅವನ ಮನೆಯಲ್ಲೇ, ನನ್ನ ಕರ್ಮ.

ಅಣುಬಾಂಬುಗಳನ್ನು ಅರ್ಧಕ್ಕೆ ಇಳಿಸೋಣ ಎಂದು ನಮ್ಮವರೂ ಗಡಿಯಾಚೆಯವರೂ ಒಪ್ಪಂದ ಬರೆದುಕೊಂಡಿದ್ದರು. ಸಂಸತ್ತು ಹೂಂ ಅಂದರೆ ಮೊದಲು ಮುಚ್ಚುವುದು ನನ್ನ ಮಗ ಇರುವ ಸೇನೆಯ ಠಾಣೆ. ನೆಲದಡಿಯ ಕೋಣೆಯಲ್ಲಿ ಕೂತು, ಆಜ್ಞೆ ಬಂದರೆ ಬಾಂಬು ಹಾರಿಸುವ ಕೀಲಿ ತಿರುಗಿಸುವುದು ಅವನ ಕೆಲಸ. ಹೋದ ವರ್ಷ ಯಂತ್ರ ಕೆಟ್ಟು ಸುಳ್ಳು ಆಜ್ಞೆ ಬಂದಿತ್ತು. ಕೀಲಿಯನ್ನು ಅದರ ತೂತಿಗೆ ತೂರಿಸಿಯೂ ಆಗಿತ್ತು, ತಿರುಗಿಸುವಷ್ಟರಲ್ಲಿ ನಿಲ್ಲಿಸಿ ಎಂದರಂತೆ. ಅವತ್ತಿನಿಂದ ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾನೆ. ನೌಕರಿಯ ಕರಾರು ಮುಗಿಯದೆ ಬಿಟ್ಟು ಬಂದರೆ ಜೈಲು.

"ಮಾಮನ ಮತ ಇದೆಯಲ್ಲ ಅಮ್ಮ" ಎಂದು ನಂಬಿಕೊಂಡಿದ್ದ.

ಮತ ಹಾಕುವ ಹಿಂದಿನ ದಿನ ಮನೆಯ ಹಜಾರದಲ್ಲಿ ತಮ್ಮನ ಪಕ್ಷದವರ ಚರ್ಚೆ. ಅವರಿಗೆ ಒಪ್ಪಂದ ಬೇಡವಾಗಿತ್ತು. ಗೋಡಂಬಿ ಮೆಲ್ಲುತ್ತ ಒಬ್ಬ, "ಆ ಕಡೆಯವ್ರು ಬಾಂಬು ಬಚ್ಚಿಟ್ಕೊಂಡ್ರೆ? ನಾವು ಬಾಯಿ ಬಾಯಿ ಬಡ್ಕೋಬೇಕಾ?" ಎಂದ.

"ತಪಾಸಣೆಗೆ ಇಬ್ರೂ ಒಪ್ಪಿದಾರಲ್ಲ" ಎಂದೆ.

"ಆದ್ರೂ ಅರ್ಧ ಸಾಕಾಗುತ್ತಾ ಅಕ್ಕ?" ಎಂದ ಇನ್ನೊಬ್ಬ.

"ಒಬ್ಬೊಬ್ರನ್ನ ಎಷ್ಟು ಸಲ ಸಾಯಿಸ್ಬೇಕು ಅಂತಿದೀರಪ್ಪಾ?"

ಎಲ್ಲರೂ ಹೋ ಎಂದು ನಕ್ಕರು. ಥೂ, ನಗುವ ಮಾತೇನ್ರಿ ಅದು! ತಮ್ಮ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು, "ಅಳಿಯನಿಗಿಂತ ಪಕ್ಷ ಹೆಚ್ಚಾ ನಂಗೆ? ನನ್ನ ಮತ ಒಪ್ಪಂದಕ್ಕೇ" ಎಂದ.

ಮತ ಹಾಕುವಾಗ ಟಿವಿಯಲ್ಲಿ ಅವನ ಕುರ್ಚಿ ಖಾಲಿ. ಒಂದೇ ಮತ ಸಾಲದೆ ಒಪ್ಪಂದ ಬಿದ್ದುಹೋಯಿತು.

"ಹೊಟ್ಟೆ ಕೆಟ್ಟಿತ್ತು ಅಕ್ಕ, ಟಾಯ್ಲೆಟ್ಟಲ್ಲಿದ್ದೆ" ಎನ್ನುತ್ತ ಮನೆಗೆ ಬಂದ. ಬಂದವನೇ ಊಟಕ್ಕೆ ಕೂತು ಎರಡೆರಡು ಸಲ ಬಡಿಸಿಕೊಂಡ. "ವಿರುದ್ಧ ಅಂತೂ ಹಾಕ್ಲಿಲ್ಲ ನೋಡು" ಅಂತ ಬೇರೆ! ಮತ ತಪ್ಪಿಸಿಕೊಂಡದ್ದಕ್ಕೆ ಪಕ್ಷದಿಂದ ಮಂತ್ರಿಗಿರಿ ಖಾತ್ರಿಯಾಯಿತೆಂದು ಅವನ ಹೆಂಡತಿಯೇ ಹಲ್ಲು ಕಿರಿಯುತ್ತ ಹೇಳಿದಳು. ಇವನ ಜೊತೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಎಂದು ಮೈಯೆಲ್ಲ ಹೇಸಿಗೆಯಾಯಿತು.

ಅಷ್ಟರಲ್ಲಿ ಮಗನ ಫೋನು. ಸ್ಪೀಕರ್ ಹಾಕಿ ತಮ್ಮನ ತಟ್ಟೆಯ ಪಕ್ಕದಲ್ಲಿಟ್ಟೆ.

"ನಿನ್ನ ಬಾಯಲ್ಲೇ ಹೇಳು ಅವನಿಗೆ."

ತಮ್ಮ ತುತ್ತು ನುಂಗಿ, "ಈ ಸಲ ಆಗ್ಲಿಲ್ಲ ಕಣೋ. ನಾಲ್ಕೈದು ವರ್ಷ ಹೋಗ್ಲಿ, ಇನ್ನೊಂದು ಒಪ್ಪಂದ ತರ್ತೀವಿ" ಎಂದ.



"ಆಯ್ತು ಮಾಮ" ಎಂದ ಮಗ. "ಡ್ಯೂಟಿಗೆ ಹೊತ್ತಾಯ್ತು. ಕೆಳಗೆ ಇಳೀತೀನಿ."

ಫೋನು ಇಟ್ಟ ಸದ್ದಾಯಿತು. ತಮ್ಮ ಉಪ್ಪು ಕೇಳಿದ. ಅವನ ಮುಂದಿದ್ದ ತಟ್ಟೆ ಎತ್ತಿ ಕಸದ ಬುಟ್ಟಿಗೆ ಸುರಿದೆ.