ಹಸಿರಂಗಿಯ ಕುರಿಗಳು

"ಏ ಬೂದಿ, ನಿನ್ನ ಕುರಿ ಬಾಯಿ ಹಾಕಿದ ನೀರಾಗ ನನ್ನ ಕಮಲ ಹೆಂಗ ಅರಳ್ತಾವಬೇ, ಬೋಸುಡಿ!"

ಅಕ್ಕಿ ಗಿರಣಿಯ ಬಸವಪ್ರಸಾದ ಹೊಂಡದ ಏರಿಯ ಮೇಲೆ ನಿಂತು ಕಿರುಚಿದ. ಬೂದೆಮ್ಮ ತಂತಿಬೇಲಿಯ ಆಚೆಯಿಂದ ಕೈ ಮುಗಿದಳು.

"ಯಪ್ಪಾ, ಈ ಹೊಂಡ ನಮ್ಮ ಮುತ್ಯಾ ತೋಡಿದ್ದರಿ. ಆಗ ಕಮಲ ಇರಲಿಲ್ಲ, ಕುರಿ ಇದ್ವು."

ಮಾನ್ವಿಯ ಹೊರಗಿನ ಆ ಕುರಿ ಮೇಯುವ ಗುಡ್ಡ ಹೋದ ವರ್ಷ ನಿಸರ್ಗೋದ್ಯಾನವಾಗಿ, ಹೊಂಡವೂ ಬೇಲಿಯೊಳಗೆ ಸೇರಿಹೋಗಿತ್ತು. ಬಸವಪ್ರಸಾದ ಅದರ ಸಮಿತಿಯ ಅಧ್ಯಕ್ಷ. ಕುರಿಗಳೇ ತುಳಿದು ಮಾಡಿದ್ದ ಹಾದಿಗೆ ಸುಣ್ಣದ ಕಲ್ಲು ಜೋಡಿಸಿ 'ವಾಯುವಿಹಾರ ಪಥ' ಎಂದು ಬೋರ್ಡು ನೆಟ್ಟಿದ್ದ. ಭಾನುವಾರ ಬಂತೆಂದರೆ ರಾಯಚೂರಿನಿಂದ ಸ್ವಯಂಸೇವಕರು ಬಂದಿಳಿದು, ಮೂಲ ಹುಲ್ಲನ್ನು ಮರಳಿ ಬೆಳೆಸುತ್ತೇವೆಂದು ಆ ಮೂಲ ಹುಲ್ಲನ್ನೇ ಕಿತ್ತು ಗುಡ್ಡೆ ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನೋಡಿ ನೋಡಿ ಬೂದೆಮ್ಮನಿಗೆ ನಗು ಬರುತ್ತಿತ್ತು. ಆದರೆ ನಕ್ಕರೆ ಕುರಿಗಳ ದಾಹ ತೀರುತ್ತದೆಯೇ? ಇನ್ನೊಂದು ನೀರೆಂದರೆ ಹರದಾರಿ ದೂರದ ಕಾಲುವೆ. ಆ ಬಿಸಿಲಲ್ಲಿ ನಡೆಸಿಕೊಂಡು ಹೋಗಿ ಎರಡು ಮರಿಗಳನ್ನು ಆಗಲೇ ಕಳೆದುಕೊಂಡಿದ್ದಳು.

"ಹಸಿರಂಗಿ ಹಾಕಿದವರಿಗಷ್ಟ ಒಳಗ ಪ್ರವೇಶ. ಬೋರ್ಡು ಓದಾಕ ಬರಂಗಿಲ್ಲೇನು?" ಎಂದ ಬಸವಪ್ರಸಾದ ಬೇಲಿಯ ಮೇಲಿಂದ ಒಂದು ಗಂಟು ಎಸೆದ. "ಸ್ವಯಂಸೇವಕರ ನಲವತ್ತು ಅಂಗಿ ಅದಾವ, ಕಾಲುವಿಯಾಗ ಒಗದು ತಾ. ಭಾನುವಾರ ದೊಡ್ಡ ಸಾಹೇಬ್ರು ಬರ್ತಾರ. ಎರಡು ಕೊಡ ನೀರು ಕೊಡ್ತೀನಿ, ಹೋಗು."

ನಲವತ್ತು ಕುರಿಗೆ ಎರಡು ಕೊಡ! "ಇವನ ಹೆಣಾ ಎತ್ಲಿ," ಎಂದು ಗೊಣಗುತ್ತ ಬೂದೆಮ್ಮ ಗಂಟು ಹೊತ್ತಳು. ಅಂಗಿಗಳನ್ನೇನೋ ಒಗೆದಳು, ಒಣಗಿಸಿದಳು. ಹಿಂದಿರುಗಿಸಲು ಮಾತ್ರ ಮನಸ್ಸಾಗಲಿಲ್ಲ.

ಭಾನುವಾರ ಬೆಳಿಗ್ಗೆ ಉಣ್ಣೆ ಕತ್ತರಿಸುವಾಗ ಕೂರಿಸುವಂತೆ ಒಂದೊಂದೇ ಕುರಿಯನ್ನು ತೊಡೆಸಂದಿಯಲ್ಲಿ ಕೂರಿಸಿ, ಮುಂಗಾಲುಗಳನ್ನು ತೋಳಿಗೆ ತೂರಿಸಿ ಅಂಗಿ ತೊಡಿಸಿದಳು. ನಲವತ್ತೂ ಬೆನ್ನುಗಳ ಮೇಲೆ 'ನಾನು ನಿಸರ್ಗಪ್ರೇಮಿ' ಎಂದಿತ್ತು. ಮರಿಗಳು ಅಂಗಿ ತುಳಿದು ಮುಗ್ಗರಿಸುತ್ತ ಹೊರಟವು.

ಗೇಟಿನಲ್ಲಿ ಕಾವಲುಗಾರ ಅಮೀರ್ ಸಾಬ್. ಹಸಿರಂಗಿಯಿಲ್ಲದ ಸ್ವಯಂಸೇವಕರನ್ನು ಅವನು ಹೊರಗೇ ಸಾಲಾಗಿ ನಿಲ್ಲಿಸಿದ್ದ. ಕುರಿಗಳನ್ನು ಮೇಲಿಂದ ಕೆಳಗೆ ನೋಡಿದ, ಮೀಸೆಯಡಿ ನಕ್ಕ, ಗೇಟು ತೆರೆದ.

ಹೊಂಡದ ಬಳಿ ಸಾಹೇಬರಿಗೆ ಕಮಲ ತೋರಿಸುತ್ತಿದ್ದ ಬಸವಪ್ರಸಾದ ಹೌಹಾರಿದ. "ಲೇ ಸಾಬಾ! ಹಾಟ್ಯಾ! ಕುರಿ ಯಾಕ ಬಿಟ್ಟಿಲೇ?"

"ಅಂಗಿ ಹಾಕಿದವರನ್ನ ಬಿಡು ಅಂದಿದ್ರಲ್ಲರೀ ಮಾಲಕ್ರ!"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕುರಿಗಳು ಕಮಲದೆಲೆ ಸರಿಸಿ ಕುಡಿಯತೊಡಗಿದವು.

"ಬಿಚ್ಚಬೇ ಅಂಗಿ!" ಬಸವಪ್ರಸಾದ ಮೊಣಕಾಲುದ್ದ ಕೆಸರಿಗೆ ಇಳಿದ.

ಬೂದೆಮ್ಮ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು. "ಹೊಟ್ಟಿ ತುಂಬ ಕುಡೀಲಿ, ಆಮ್ಯಾಲ ನೀವ ಬಿಚ್ಕೊಳ್ರಿ ಯಪ್ಪಾ. ಆ ಕರಿ ಟಗರಿಂದು ಮಾತ್ರ ಕಡೀಕ ಬಿಚ್ರಿ. ಹಾಯ್ತದ ಅದು."

ಕರಿ ಟಗರು ನೀರಿನಿಂದ ತಲೆಯೆತ್ತಿ, ಅಧ್ಯಕ್ಷರತ್ತ ಎರಡು ಹೆಜ್ಜೆ ಇಟ್ಟಿತು.